ತಾಯಿಯ ಪತ್ರ ಉಳಿಯಿತು, ಮಗಳದ್ದು ಎಲ್ಲಿ ಹೋಯಿತು?

ಪ್ರಶ್ನೆ: ಹಳೇ ಕಾಲದ ಫ್ರಾನ್ಸಿನಲ್ಲಿ ಮದಾಮ್ ದ ಸೆವಿಂಯೆ ಅನ್ನೋ ಶ್ರೀಮಂತ ಮನೆತನದ ಹೆಂಗಸು ಮಗಳಿಗೆ ನೂರಾರು ಪತ್ರ ಬರೆದಿದ್ದಳಂತೆ. ಅಂಥದ್ದೇನಿದೆ ಅದರಲ್ಲಿ? ಮಗಳು ಉತ್ತರವನ್ನೇ ಬರೆಯಲಿಲ್ವಾ?
(ಓದುಗರೊಬ್ಬರು, ಧಾರವಾಡ)

ಉತ್ತರ: ಬರೆದಳು, ಆದರೆ ಆ ಪತ್ರಗಳು ಉಳಿಯಲಿಲ್ಲ. ಆ ಮಗಳ ಸ್ವಂತ ಮಗಳು, ಅಂದ್ರೆ ಸೆವಿಂಯೆಯ ಮೊಮ್ಮಗಳು ಪೋಲೀನಳೇ 18ನೇ ಶತಮಾನದಲ್ಲಿ ಅವನ್ನು ನಾಶಮಾಡಿಸಿದಳು! ಹಾಗಾಗಿ ನಮಗೆ ಕೇಳಿಸುವುದು ಫೋನಿನ ಒಂದೇ ಕಡೆಯ ಮಾತು.

ಸೆವಿಂಯೆ ಹುಟ್ಟಿದ್ದು 1626ರಲ್ಲಿ, ಪ್ಯಾರಿಸ್ಸಿನಲ್ಲಿ. 25ಕ್ಕೇ ವಿಧವೆ, ಗಂಡ ದ್ವಂದ್ವಯುದ್ಧದಲ್ಲಿ ಸತ್ತ, ಅದೂ ಬೇರೊಬ್ಬ ಹೆಂಗಸಿಗಾಗಿ. ಮಗಳನ್ನು 1669ರಲ್ಲಿ, ಅದಾಗಲೇ ಎರಡು ಸಲ ಹೆಂಡತಿಯನ್ನು ಕಳೆದುಕೊಂಡಿದ್ದ ಗ್ರೀನ್ಯಾಂ ಕೌಂಟನಿಗೆ ಕೊಟ್ಟಳು. 1671ರಲ್ಲಿ ಮಗಳು ದೂರದ ಪ್ರೊವಾನ್ಸಿಗೆ ಹೊರಟಳು ನೋಡಿ, ಅಲ್ಲಿಂದ ಶುರುವಾಯಿತು ಪತ್ರಗಳ ಮಳೆ.

ಏನಿದೆ ಅಂದ್ರೆ, ಎಲ್ಲವೂ ಇದೆ. ಆರೋಗ್ಯಕ್ಕೆ ಚಾಕೊಲೇಟ್ ಕುಡಿ ಅಂತಾಳೆ, ಕೆಲವೇ ತಿಂಗಳಲ್ಲಿ ಬೇಡಮ್ಮ, ಅದು ಕೆಟ್ಟದ್ದಂತೆ ಅಂತ ತಿರುಗಿಬೀಳುತ್ತಾಳೆ. ನಮ್ಮ ಅಮ್ಮಂದಿರ ವಾಟ್ಸ್ಆಪ್ ನೆನಪಾಗಲ್ವಾ? ಅದೇ ವರ್ಷ ಏಪ್ರಿಲ್‌ನಲ್ಲಿ ರಾಜ 14ನೇ ಲೂಯಿ ಶಾಂತಿಯಿ ಅನ್ನೋ ಊರಿನ ಅರಮನೆಗೆ ಬಂದಾಗ, ಔತಣಕ್ಕೆ ಮೀನು ಸಮಯಕ್ಕೆ ಬರಲಿಲ್ಲ ಅಂತ ಉಸ್ತುವಾರಿ ವಾಟೆಲ್ ಕತ್ತಿಯಿಂದ ಇರಿದುಕೊಂಡು ಸತ್ತ, ಆಮೇಲೆ ಎಲ್ಲ ಕಡೆಯಿಂದ ಮೀನು ಬಂತು. ಇದನ್ನು ಅವಳು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾಳೆ, ನನಗಂತೂ ಅದೇ ಎಲ್ಲಕ್ಕಿಂತ ಇಷ್ಟ.

ತಮಾಷೆ ಏನಂದ್ರೆ, ಒಟ್ಟಿಗೆ ಇದ್ದಾಗ ಅಮ್ಮ ಮಗಳಿಗೆ ಜಾಸ್ತಿ ಹೊಂದುತ್ತಿರಲಿಲ್ಲ. ಆದರೂ 1696ರಲ್ಲಿ ಸೆವಿಂಯೆ ಕೊನೆಯುಸಿರೆಳೆದದ್ದು ಮಗಳ ಗ್ರೀನ್ಯಾಂ ಕೋಟೆಯಲ್ಲೇ.