ಲಾಗ್ಯೋಲ್ ಚಾಕುವಿನ ಕೊಂಬಿನ ಹಿಡಿ ಎದ್ದಿರುವುದಕ್ಕೆ

ನೀವು ಫೋಟೋ ಕಳಿಸಿ ಕೇಳಿರುವ ಲಾಗ್ಯೋಲ್ (ಫ್ರಾನ್ಸಿನ ಮಡಿಸುವ ಚಾಕು) ಹಿಡಿಯ ತುದಿಗೂ ಅದರ ಕೆಳಗಿನ ಹಿತ್ತಾಳೆ ಪಟ್ಟಿಗೂ ನಡುವೆ ಕಾಗದ ತೂರುವಷ್ಟು ಸಂದು ಬಿದ್ದಿರುವುದಕ್ಕೆ ಕಾರಣ ಬಹುತೇಕ ಏಸಿ ಕೋಣೆಯ ಒಣಗಾಳಿ. ಕೊಂಬು ಉಗುರಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನ್. ತೇವ ಆರಿದರೆ ಕುಗ್ಗಿ ಬಾಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ದಯವಿಟ್ಟು ರಿವೆಟ್ (ಹಿಡಿಯನ್ನು ಪಟ್ಟಿಗೆ ಬಿಗಿದಿರುವ ಲೋಹದ ಮೊಳೆ) ಮೇಲೆ ಸುತ್ತಿಗೆಯಿಂದ ಬಡಿಯಬೇಡಿ, ಕೊಂಬು ಅಲ್ಲಿಂದಲೇ ಸೀಳುತ್ತದೆ. ಬಿಸಿನೀರೂ ಬೇಡ, ಆಕಾರ ಕೆಡುತ್ತದೆ.

ಮೊದಲು ಅಲಗು, ಸ್ಪ್ರಿಂಗಿಗೆ ಎಣ್ಣೆ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಬಟ್ಟೆಯನ್ನು ಚಾಕುವಿಗೆ ತಾಗದಂತೆ ಇಟ್ಟು ನಾಲ್ಕೈದು ದಿನ ಬಿಡಿ. ಬೂಷ್ಟು ಬರುತ್ತಿದೆಯೇ ಎಂದು ದಿನಾ ನೋಡಿ. ಸಂದು ಕೂಡಿದ ಮೇಲೆ ಹಿಡಿಗೆ ಮಿನರಲ್ ಆಯಿಲ್ ತೆಳುವಾಗಿ ಹಚ್ಚಿ, ಬೆಳಗ್ಗೆ ಒರೆಸಿ. ಕೊಬ್ಬರಿ ಎಣ್ಣೆ ಕಮಟು ವಾಸನೆ ಬರುತ್ತದೆ.

ರಿವೆಟ್ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂಬುದು ಫೋಟೋದಲ್ಲಿ ಸ್ಪಷ್ಟವಿಲ್ಲ. ಇದ್ದರೆ, ಹಿಡಿಗೆ ಎಣ್ಣೆ ಹಚ್ಚುವ ಮೊದಲೇ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಒಂದೇ ಹನಿ ಸೂಜಿಮೊನೆಯಿಂದ ಇಳಿಸಿ. ಎಣ್ಣೆ ಕುಡಿದ ಕೊಂಬಿಗೆ ಅದು ಅಂಟದು.