ಹಿತ್ತಲ ಮಾತು: ಮೆಂತೆ ಮಡಿಗೆ ಬೆಕ್ಕಿನ ಕಾಟ

ಪ್ರಶ್ನೆ: ಹಿತ್ತಲಲ್ಲಿ ಮೆಂತೆ, ಕೊತ್ತಂಬರಿ ಬಿತ್ತಿದ್ದೇನೆ. ಒಂದು ಸಾಲು ಬದನೆಯೂ ಇದೆ. ಬೆಳಗಾಗುವಷ್ಟರಲ್ಲಿ ಓಣಿಯ ಬೆಕ್ಕುಗಳು ಮಡಿ ಕೆದರಿ ಹೊಲಸು ಮಾಡಿ ಹೋಗಿರುತ್ತವೆ. ನುಸಿಗುಳಿಗೆ ಹಾಕಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ, ಅದೇ ಚಿಂತೆ. ಏನು ಮಾಡಲಿ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ನುಸಿಗುಳಿಗೆ ಖಂಡಿತ ಬೇಡ. ಬೆಕ್ಕಿಗೆ ಅದು ವಿಷ. ಸಣ್ಣ ಮಕ್ಕಳು ಪೆಪ್ಪರಮೆಂಟು ಅಂತ ಬಾಯಿಗೆ ಹಾಕಿಕೊಂಡರೆ ಅವರಿಗೂ ವಿಷ. ಅದೇ ಮಣ್ಣಲ್ಲಿ ಬೆಳೆದ ಪಲ್ಲೆ ನೀವೇ ತಿನ್ನಬೇಕು ಅಲ್ವಾ? ಫಿನೈಲೂ ಬೇಡ. ಬೆಕ್ಕು ಕಾಲು ನೆಕ್ಕಿಕೊಳ್ಳುವ ಪ್ರಾಣಿ. ಅಂಥ ದ್ರವವನ್ನು ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ. ಮೂಕಪ್ರಾಣಿಗೆ ಹಿಂಸೆ ಕೊಡುವುದು 1960ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಬೆಕ್ಕಿಗೆ ಬೇಕಾಗಿರುವುದು ಸಡಿಲ ಮಣ್ಣು. ನಮ್ಮ ಕಡೆಯ ಎರಿ ಮಣ್ಣು ಒಣಗಿದರೆ ಕಲ್ಲಾಗಿ ಬಿರುಕು ಬಿಡುತ್ತದೆ, ಅದರ ಉಗುರಿಗೆ ಬಗ್ಗುವುದಿಲ್ಲ. ನೀವು ಗೊಬ್ಬರ ಹಾಕಿ ಹದ ಮಾಡಿದ ಮಡಿ ಮಾತ್ರ ಮೆತ್ತಗಿರುತ್ತದೆ. ಅಲ್ಲಿಗೆ ಬಾರದೆ ಎಲ್ಲಿಗೆ ಹೋದೀತು? ಹಾಗಾಗಿ ಕೆದರಲು ಆಗದ ಹಾಗೆ ಮಾಡಿದರೆ ಸಾಕು.

ವಿಜಯಪುರದ ನಮ್ಮ ಹಿತ್ತಲಲ್ಲಿ ನಾನು ನೆಚ್ಚಿಕೊಂಡಿರುವುದು ಕೋಳಿ ಜಾಲರಿಯನ್ನು. ಒಂದಿಂಚು ಕಣ್ಣಿನದು ತನ್ನಿ. ಬಿತ್ತಿದ ಕೂಡಲೇ ಮಡಿ ಮೇಲೆ ಚಾಪೆ ಹಾಸಿದಂತೆ ಹಾಸಿ, ಅಂಚಿಗೆ ಬಗ್ಗಿಸಿದ ತಂತಿ ಚುಚ್ಚಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೊಳಕೆ ಕಣ್ಣಿನಿಂದ ತಾನಾಗಿ ಮೇಲೆ ಬರುತ್ತದೆ. ಬೆಕ್ಕಿನ ಉಗುರು ತಂತಿಗೆ ಸಿಕ್ಕಿಕೊಳ್ಳುತ್ತದೆ, ಅದು ಅದಕ್ಕೆ ಸೇರುವುದಿಲ್ಲ, ಬೇರೆ ಜಾಗ ನೋಡಿಕೊಳ್ಳುತ್ತದೆ. ಒಂದು ಮಾತು ನೆನಪಿಡಿ: ಮೆಂತೆಯನ್ನು ಬೇರುಸಹಿತ ಕಿತ್ತರೆ ಜಾಲರಿಯೂ ಎದ್ದು ಬರುತ್ತದೆ. ಕತ್ತರಿಯಿಂದ ಬುಡದ ಮೇಲೆ ಕೊಯ್ಯಿರಿ.

ಬದನೆ ಸಾಲಿಗೆ ಜಾಲರಿ ಬೇಕಿಲ್ಲ. ತೊಗರಿ ಕಟ್ಟಿಗೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಗಿಡಗಳ ನಡುವೆ ನಾಲ್ಕು ಬೆರಳಿಗೊಂದರಂತೆ ನೆಟ್ಟಗೆ ಚುಚ್ಚಿ. ಬೆಕ್ಕಿಗೆ ತಿರುಗಿ ಕೂರಲು ಜಾಗ ಸಿಗಬಾರದು. ಬಳ್ಳಾರಿ ಜಾಲಿ ಮುಳ್ಳು ಇನ್ನೂ ಗಟ್ಟಿ, ಆದರೆ ಕಳೆ ಕೀಳುವಾಗ ನಿಮ್ಮ ಕೈಗೇ ಚುಚ್ಚುತ್ತದೆ.

ಲಿಂಬೆ ಸಿಪ್ಪೆಯ ವಾಸನೆ ನಮ್ಮ ಬಿಸಿಲಿಗೆ ಜಾಸ್ತಿ ಉಳಿಯದು. ಸಂಜೆ ಮಡಿ ತೋಯಿಸಿ ಅನ್ನುವವರಿದ್ದಾರೆ. ಹಸಿ ಮಣ್ಣು ಬೆಕ್ಕಿಗೆ ಸೇರದು, ನಿಜ. ಆದರೆ ರಾತ್ರಿಯೆಲ್ಲ ತೇವ ನಿಂತರೆ ಎಳೆ ಸಸಿಯ ಬುಡ ಕೊಳೆಯುತ್ತದೆ.

ಹಿತ್ತಲ ಮೂಲೆಯಲ್ಲಿ, ನೆರಳಿರುವ ಕಡೆ, ಒಂದೆರಡು ಬುಟ್ಟಿ ಉಸುಕು ಸುರಿಯಿರಿ. ಹೋಗಲು ಒಂದು ಜಾಗ ಕೊಟ್ಟರೆ ಮಡಿ ಬಿಡಿಸುವುದು ಸುಲಭ. ಇಲಿ ಹಿಡಿಯುವ ಪ್ರಾಣಿಗೆ ಅಷ್ಟು ಜಾಗ ಕೊಡಬಹುದು ಅಂತ ನನಗೆ ಅನ್ನಿಸುತ್ತದೆ. ಹಾಲು ಇಡುವ ಮನೆಯವರ ಜೊತೆಗೂ ಮಾತಾಡಿ. ಹೆಣ್ಣು ಬೆಕ್ಕು ಗರ್ಭ ಕಟ್ಟಿದ ಎರಡು ತಿಂಗಳಿಗೆ ಮರಿ ಹಾಕುತ್ತದೆ, ಐದಾರು ತಿಂಗಳ ಮರಿಯೇ ಗರ್ಭ ಕಟ್ಟಬಹುದು. ಪಶುವೈದ್ಯರಲ್ಲಿ ಸಂತಾನಹರಣ ಮಾಡಿಸಿದರೆ ಓಣಿಗೆಲ್ಲ ನೆಮ್ಮದಿ.

ಇನ್ನು ಸೊಸೆಯ ವಿಷಯ. ಬೆಕ್ಕಿನ ಹೊಲಸಿನಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು, ಬಸುರಿಯ ಮಗುವಿಗೆ ಅದರಿಂದ ತೊಂದರೆ ಆಗಬಹುದು. ಹೊರಬಿದ್ದ ಮೇಲೆ ಅದು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅದಕ್ಕೇ ದಿನಾ ಬೆಳಿಗ್ಗೆ ನೀವೇ ತೆಗೆದುಬಿಡಿ. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಹೆರಿಗೆಯಾಗುವವರೆಗೆ ಸೊಸೆ ಮಣ್ಣು ಮುಟ್ಟುವುದು ಬೇಡ, ಮುಟ್ಟಲೇಬೇಕಾದರೆ ಕೈಗವಸು ಹಾಕಿಕೊಳ್ಳಲಿ. ಪಲ್ಲೆಯನ್ನು ಮೂರ್ನಾಲ್ಕು ನೀರಲ್ಲಿ ತೊಳೆದು ಬೇಯಿಸಿ. ಹಸಿ ಮೆಂತೆ, ಹಸಿ ಕೊತ್ತಂಬರಿ ಸದ್ಯಕ್ಕೆ ಅವಳ ತಾಟಿಗೆ ಬೇಡ. ಅವಳ ಡಾಕ್ಟರಿಗೂ ಒಂದು ಮಾತು ಹೇಳಿ.

ಕೆದರಿದ ಕಡೆ ಮೇಲ್ಮಣ್ಣು ತೆಗೆದು ಮತ್ತೆ ಬಿತ್ತಿ. ಮೆಂತೆ ಮೂರ್ನಾಲ್ಕು ದಿನಕ್ಕೆ ಮೊಳೆಯುತ್ತದೆ. ಕೊತ್ತಂಬರಿಗೆ ಹತ್ತು ದಿನವಾದರೂ ಬೇಕು, ಬಿತ್ತುವ ಮುಂಚೆ ಕಾಳನ್ನು ಎರಡು ಹೋಳು ಮಾಡಿಕೊಳ್ಳಿ.