ಹಿರಿಯರು ಮಾಡ್ಕೊಂಡು ಬಂದಿದ್ದು ಸಾಕಾ, ಶಾಸ್ತ್ರ ನಾವೇ ಓದ್ಬೇಕಾ?

ಎರಡೂ ಬೇಕು, ಆದ್ರೆ ಪುಸ್ತಕದಲ್ಲಿಲ್ಲ ಅಂತ ಮನೆ ಪದ್ಧತಿ ಬಿಡೋಕೆ ಹೋಗ್ಬೇಡಿ. ನಮ್ಮ ಶಿರಸಿ ಕಡೆ ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಅಡಿಕೆ, ಸಿಂಗಾರ (ಅಡಿಕೆ ಹೂವು) ಪೋಣಿಸಿ ದನದ ಕೊರಳಿಗೆ ಕಟ್ತೇವಲ್ಲ, ಆ ಮಾಲೆ ಯಾವ ಉಪನಿಷತ್ತಲ್ಲಿದೆ ಹೇಳಿ? ಅಜ್ಜಿ ಹಿಂದಿನ ರಾತ್ರಿ ಕೂತು ಬಾಳೆನಾರಲ್ಲಿ ಕಟ್ಟೋದು ನೋಡೇ ಕಲ್ತಿದ್ದು. ತಮಾಷೆ ಅಂದ್ರೆ ಶಾಸ್ತ್ರ ಓದಿದ್ರೆ ಇದಕ್ಕೂ ಜಾಗ ಸಿಗ್ತದೆ, ಆಪಸ್ತಂಬ ಧರ್ಮಸೂತ್ರ ಅನ್ನೋ ಹಳೇ ಶಾಸ್ತ್ರಗ್ರಂಥದ ಕೊನೇಲಿ, ಅದ್ರಲ್ಲಿ ಹೇಳದೆ ಉಳಿದ ಆಚಾರಗಳನ್ನ ಹೆಂಗಸರಿಂದ, ಎಲ್ಲಾ ವರ್ಣದವರಿಂದ ತಿಳ್ಕೋಬೇಕು ಅಂತ ಕೆಲವರು ಹೇಳ್ತಾರೆ ಅಂತಿದೆ. ಹಾಗಂತ ಓದೋದು ಬಿಡ್ಬೇಡಿ, ಗೀತೆಯ 700 ಶ್ಲೋಕ ಭಾರ ಅನ್ಸಿದ್ರೆ ಈಶಾವಾಸ್ಯ ಉಪನಿಷತ್ತು ಹಿಡೀರಿ, ಬರೀ 18 ಮಂತ್ರ, ಒಂದು ಸಂಜೇಲಿ ಓದಿ ಮುಗೀತದೆ (ಅರ್ಥ ಆಗೋದು ಬೇರೆ ಮಾತು). ಮಡಿ, ಮುಟ್ಟು ಅಂತ ಯಾರಾದ್ರೂ ಶಾಸ್ತ್ರದ ಹೆಸರಲ್ಲಿ ಹೆದರ್ಸಿದ್ರೆ ಯಾವ ಗ್ರಂಥ, ಎಲ್ಲಿದೆ ಅಂತ ಕೇಳೋಕಾದ್ರೂ ಸ್ವಲ್ಪ ಓದಿರ್ಬೇಕು.